ಒಂದು ಉದ್ದ, ಎರಡು ಗಿಡ್ಡ

ಕಳವಾರ ಗೇಟಿನಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗಿನಿಂದ ವರಲಕ್ಷ್ಮಿಯ ಕಿವಿಯಲ್ಲಿ ಅದೇ ಸದ್ದು. ಒಂದು ಉದ್ದ, ಎರಡು ಗಿಡ್ಡ. ಬೆಳಿಗ್ಗೆ ಒಂಬತ್ತನೇ ಕ್ಲಾಸಿನಲ್ಲಿ ಸಮೀಕರಣ ಬಿಡಿಸುತ್ತ ಬೋರ್ಡಿನ ಕಡೆ ತಿರುಗಿದಾಗಲೂ ಅದೇ ಕೇಳಿಸಿತ್ತು. ಕೈಯಲ್ಲಿದ್ದ ಸೀಮೆಸುಣ್ಣ ತನ್ನಷ್ಟಕ್ಕೆ ತಾನೇ ಬೋರ್ಡಿನ ಮೂಲೆಯಲ್ಲಿ ಒಂದು ಉದ್ದ ಗೆರೆ, ಎರಡು ಚಿಕ್ಕ ಗೆರೆ ಎಳೆದುಬಿಟ್ಟಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡದ್ದು ಕಂಡು ನಗು ಬಂತು, ಬೇಗನೆ ಆ ಗೆರೆಗಳನ್ನು ಒರಸಿಹಾಕಿದಳು. ಮನೆಯ ಕಂಪ್ಯೂಟರಿನ ಗುಂಡಿ ಒತ್ತಿದರೆ ಅದರ ಹೊಟ್ಟೆಯೊಳಗಿನಿಂದ ಆ ಕೂಗು ಬರುತ್ತದೆ, ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಸೋಮವಾರದಿಂದ ಹೀಗೇ. ಬುಧವಾರ ಬಿ.ಬಿ. ರಸ್ತೆಯ ರಿಪೇರಿ ಅಂಗಡಿಯ ಮಧುಸೂದನ್ ಬಂದು, ಡಬ್ಬ ಬಿಚ್ಚುವ ಗೋಜಿಗೂ ಹೋಗದೆ ನಿಂತಲ್ಲೇ ಆ ಕೂಗು ಕೇಳಿ, "ಡಿಸ್ಪ್ಲೇ ಕಾರ್ಡು ಹೋಗಿದೆ ಸಾರ್, ಮದರ್‌ಬೋರ್ಡೂ ಹೋಗಿದ್ರೆ ಹೇಳಕ್ಕಾಗಲ್ಲ, ಶನಿವಾರ ನಾಲ್ಕು ಗಂಟೆಗೆ ಬಂದು ಅಂಗಡಿಗೆ ಎತ್ಕೊಂಡು ಹೋಗ್ತೀನಿ" ಎಂದಿದ್ದ. ಅವಳು ಹತ್ತಿರ ಹೋಗಿ, "ಆ ಕಾರ್ಡು ಎಲ್ಲಿರತ್ತೆ?" ಎಂದು ಕೇಳಿದ್ದಕ್ಕೆ ಅವನು ಅವಳ ಗಂಡನ ಮುಖ ನೋಡಿ ನಕ್ಕು, "ಅದೆಲ್ಲ ನಿಮಗ್ಯಾಕೆ ಟೀಚರಮ್ಮ, ಮುಟ್ಟಕ್ಕೆ ಹೋಗ್ಬೇಡಿ" ಎಂದಿದ್ದ. ಕಾರ್ಡು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದಳು. ಗೊತ್ತಿಲ್ಲದವಳೆಂದು ಗಂಡನಿಗೆ ತೋರಿಸಿಕೊಳ್ಳಲು ಕೇಳಿದ್ದಳು.

ಬಸ್ಸಿನಲ್ಲಿ, ಸ್ಕಂದಗಿರಿ ಬೆಟ್ಟ ಹತ್ತಿ ಇಳಿದ ಬೆಂಗಳೂರಿನ ಹುಡುಗರು ಕೆಂಪು ಮಣ್ಣು ಮೆತ್ತಿದ ಬೂಟುಗಳನ್ನು ಅಡ್ಡಕ್ಕೆ ಚಾಚಿ, ಕ್ಯಾಮೆರಾದ ಪುಟ್ಟ ಪರದೆಗೆ ನಾಲ್ಕು ತಲೆ ಬಾಗಿಸಿ ಕೂತಿದ್ದರು. ಅವರ ಭುಜಗಳ ಸಂದಿಯಲ್ಲಿ ಒಂದು ಮೋಡ, ಒಂದು ಬಂಡೆ, ಒಬ್ಬನ ಹಲ್ಲು ಕಂಡವು. ಅಷ್ಟು ಚಿಕ್ಕ ಪರದೆಯಲ್ಲಿ ಅಷ್ಟು ದೊಡ್ಡ ಬೆಟ್ಟ ಬೆಳಗುವುದಾದರೆ ಎಲ್ಲೋ ಯಾವುದೋ ಎರಡು ಲೋಹಗಳು ಸರಿಯಾಗಿ ಮುಟ್ಟಿಕೊಂಡಿವೆ, ಅಷ್ಟೆ. ಮುಟ್ಟಿಕೊಳ್ಳುವುದು. ಹೋದ ಭಾನುವಾರ ಅತ್ತೆಯೂ ಗಂಡನೂ ಶಿಡ್ಲಘಟ್ಟದ ಮದುವೆಗೆ ಹೋಗಿದ್ದಾಗ ಅವಳು ತಲೆನೋವೆಂದು ಉಳಿದುಕೊಂಡಳು. ತಲೆನೋವು ಇರಲಿಲ್ಲ. ಹಾಸ್ಟೆಲಿನಲ್ಲಿರುವ ಮಗಳು ಪ್ರಿಯಾಂಕಳಿಗೆಂದು ತಂದು ಈಗ ನಡುಮನೆಯಲ್ಲಿ ಉಳಿದ ಆ ಡಬ್ಬದ ಒಳಗೆ ಏನಿದೆಯೆಂದು ನೋಡಬೇಕೆಂಬ ಆಸೆ ಎರಡು ವರ್ಷದಿಂದ ಅವಳನ್ನು ಕಾಡುತ್ತಿತ್ತು. ಹೊಲಿಗೆ ಮೆಷಿನ್ನಿನ ಸ್ಕ್ರೂಡ್ರೈವರಿನಿಂದ ಪಕ್ಕದ ತಗಡು ಕಳಚಿದಳು. ಹಸಿರು ಹಲಗೆಯ ಮೇಲೆ ಒಂದು ಊರೇ ಇತ್ತು: ನೀರಿನ ಟ್ಯಾಂಕುಗಳಂಥವು, ಓಣಿಗಳಂಥವು, ಮಧ್ಯದಲ್ಲಿ ತಿರುಗುವ ಗಾಳಿಯಂತ್ರ. ಧೂಳನ್ನು ಸೆರಗಿನಿಂದ ಒರಸಿದಳು. ಅಡ್ಡಡ್ಡ ನಿಂತಿದ್ದ ಒಂದು ಹಲಗೆಯನ್ನು, ಬರಿಯ ನೋಡುವ ಆಸೆಗೆ, ಎಳೆದು ಹೊರತೆಗೆದು ಅಂಗೈ ಮೇಲಿಟ್ಟುಕೊಂಡಳು. ಪರದೆಗೆ ಚಿತ್ರ ಕಳಿಸುವ ಡಿಸ್ಪ್ಲೇ ಕಾರ್ಡು ಅದೇ. ಅದರ ಅಂಚಿಗೆ ಸಾಲಾಗಿ ಚಿನ್ನದ ಹಲ್ಲು. ಒಂಬತ್ತು ವರ್ಷದವಳಿದ್ದಾಗ ಅಪ್ಪ ಬಯ್ಯಪ್ಪನ ಅಲಾರಂ ಗಡಿಯಾರವನ್ನು ಹೀಗೇ ಬಿಚ್ಚಿದ್ದಳು. ರೇಷ್ಮೆಗೂಡು ಬೇಯುವ ವಾಸನೆ ಬೀದಿ ತುಂಬಿದ್ದ ಮಧ್ಯಾಹ್ನ. ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಮಿಕ್ಕಿತ್ತು, ಗಡಿಯಾರ ಮಾತ್ರ ನಡೆಯಿತು, ಅಪ್ಪನಿಗೆ ಸಾಯುವವರೆಗೂ ಗೊತ್ತಾಗಲಿಲ್ಲ. ಆ ಸಂತೋಷವನ್ನು ಯಾರಿಗೂ ಹೇಳಲಾಗದ್ದೇ ಅದರ ರುಚಿಯಾಗಿತ್ತು. ಕಾರ್ಡನ್ನು ಮತ್ತೆ ಅದರ ಜಾಗಕ್ಕೆ ತುರುಕಿ ತಗಡು ಮುಚ್ಚಿದಳು. ಸಂಜೆ ಕಂಪ್ಯೂಟರು ನಡೆಯಿತು. ಅವಳು ಗೆದ್ದಿದ್ದಳು.

ಸೋಮವಾರ ಮಧ್ಯಾಹ್ನ ಅತ್ತೆ ಅದರ ಮುಂದೆ ಕೂತಿದ್ದಾಗ ಪರದೆಯ ಮೇಲೆ ಕೆಂಪು ಗೆರೆಗಳು ಓಡಿ ಕಪ್ಪಾಯಿತು. ಅತ್ತೆ ಲಕ್ಷ್ಮೀನರಸಮ್ಮನಿಗೆ ಅರವತ್ತೇಳು. ಮೊಮ್ಮಗಳು ರಜೆಯಲ್ಲಿ ಬಂದಾಗ ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಇಸ್ಪೀಟು ಕಲಿಸಿಹೋಗಿದ್ದಳು. ಅಂದಿನಿಂದ ಊಟವಾದ ಮೇಲೆ ಒಂದು ಗಂಟೆ ಅವರು ಮೌಸನ್ನು ಇಲಿಮರಿ ಹಿಡಿದಹಾಗೆ ಹಿಡಿದು, "ರಾಣಿ ರಾವೇ ತಲ್ಲಿ, ಬಾರೇ" ಎಂದು ತೆಲುಗು ಕನ್ನಡ ಬೆರೆಸಿ ಎಲೆಗಳನ್ನು ಕರೆಯುತ್ತ ಆಡುವರು. ಸಂಜೆ ಶಿಡ್ಲಘಟ್ಟದ ಆಫೀಸಿನಿಂದ ಬಂದ ಗಂಡ ಚನ್ನಕೇಶವ ಸತ್ತ ಪರದೆ ನೋಡಿ, ಮಿಕ್ಸಿ ಸುಟ್ಟದ್ದು, ಟೀವಿಯ ರಿಮೋಟು ಬಿದ್ದದ್ದು ಎಲ್ಲವನ್ನೂ ಒಟ್ಟುಮಾಡಿ, "ನಿನ್ನ ಕೈ ತಾಗಿದ್ದೆಲ್ಲ ಹೀಗೇ ಆಗೋದಮ್ಮ. ಈ ವಯಸ್ಸಲ್ಲಿ ನಿನಗ್ಯಾಕೆ ಇಸ್ಪೀಟು?" ಎಂದ. ಕೂಗಲಿಲ್ಲ; ದಣಿದ ದನಿಯಲ್ಲಿ ಹೇಳಿದ, ಅದೇ ಹೆಚ್ಚು ಚುಚ್ಚಿತು. ಅಡುಗೆಮನೆಯಲ್ಲಿ ಸಾರು ಬಗ್ಗಿಸುತ್ತಿದ್ದ ವರಲಕ್ಷ್ಮಿಗೆ ಅದು ಕೇಳಿಸಿತು. ಈಗ ಹೇಳಬೇಕು ಅನ್ನಿಸಿತು. ಬೋಗುಣಿ ತುಂಬುವಷ್ಟು ಹೊತ್ತು ಅನ್ನಿಸಿತು. ತುಂಬಿದ ಮೇಲೆ ತಟ್ಟೆ ಮುಚ್ಚಿದಳು.

ಬಸ್ಸಿಳಿದು ಬಂದು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಜಗುಲಿಯ ಮೇಲೆ ಅತ್ತೆಯ ನೀಲಿ ರೆಕ್ಸಿನ್ ಬ್ಯಾಗು ಕಾಣಿಸಿತು. ಜಿಪ್ಪು ಹಾಕಿತ್ತು. ಲಕ್ಷ್ಮೀನರಸಮ್ಮ ಗಂಜಿ ಹಾಕಿದ ಕಾಟನ್ ಸೀರೆಯುಟ್ಟು, ಹೋಗುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಎಲ್ಲಿಗೆ ಅತ್ತೆ?"

"ಗೌರಿಬಿದನೂರಿಗೆ, ಮಗಳು ರೂಪಳ ಮನೆಗೆ. ಐದು ಗಂಟೆ ಬಸ್ಸಿಗೆ ಹೋಗ್ತೀನಿ. ಅನ್ನ ಸಾರು ಮಾಡಿಟ್ಟಿದೀನಿ, ಉಂಡ್ಕೊಳಮ್ಮ."

"ಯಾವಾಗ ಬರ್ತೀರಿ?"

"ನೋಡಣ." ಅವರು ನಡುಮನೆಯ ಕಡೆ ನೋಡದೆ ಹೇಳಿದರು. "ಆ ಮನೇಲಿ ಹಾಳಾಗೋ ಅಂಥ ಸಾಮಾನು ಕಮ್ಮಿ."

ಅವಳಿಗೆ ಊಟ ಸೇರಲಿಲ್ಲ, ತಟ್ಟೆಯಲ್ಲೇ ಕೈ ತೊಳೆದಳು. ಗೋಡೆಯ ಗಡಿಯಾರದಲ್ಲಿ ಒಂದೂ ಮುಕ್ಕಾಲು. ಇವತ್ತು ಶನಿವಾರ, ನಾಲ್ಕಕ್ಕೆ ಗಂಡ ಬರುತ್ತ ಮಧುಸೂದನನನ್ನು ಕರೆತರುತ್ತಾನೆ. ಇನ್ನು ಎರಡೂ ಕಾಲು ಗಂಟೆ ಇದೆ. ತಾನೇ ಸರಿಮಾಡಿದರೆ? ಸರಿಮಾಡಿ, ತಗಡು ಮುಚ್ಚಿ, "ಅದೇ ಸರಿಹೋಯ್ತು" ಎಂದರೆ? ಅತ್ತೆಯ ಮೇಲಿನ ಮಾತೂ ಅಳಿಸಿಹೋಗುತ್ತದೆ, ತನ್ನ ಕೆಲಸವೂ ಮುಚ್ಚಿಹೋಗುತ್ತದೆ. ಈ ಯೋಚನೆ ಎಷ್ಟು ಜಾಣತನದ್ದೋ ಅಷ್ಟೇ ಹೊಲಸೆಂದು ಗೊತ್ತಿದ್ದೂ ಅದರ ಹಿಂದೆ ಮೈಯೆಲ್ಲ ಓಡಿತು. ಬೆರಳ ತುದಿಗಳು ಜುಮ್ಮೆಂದವು. ಹೋದ ವರ್ಷ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ಬಂದಾಗ ಹೆಡ್‌ಮಾಸ್ಟರು ವೆಂಕಟರವಣಪ್ಪ, "ಹತ್ತು ದಿವಸ ಮನೆ ಬಿಟ್ಟು ನೀವು ಹೇಗಮ್ಮ ಇರ್ತೀರಿ" ಎಂದು ತಾವೇ ಕೇಳಿ ತಾವೇ ಉತ್ತರ ಹೇಳಿಕೊಂಡು, ಡ್ರಿಲ್ ಮಾಸ್ಟರನ್ನು ಕಳಿಸಿದ್ದರು. ಡ್ರಿಲ್ ಮಾಸ್ಟರು ಹಿಂದಿರುಗಿ ಬಂದು ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿದ್ದ. ಆಗಲೂ ಅವಳು ಹೇಳಬೇಕೆಂದುಕೊಂಡದ್ದನ್ನು ಹೇಳಿರಲಿಲ್ಲ. ಬಾಗಿಲಿಗೆ ಒರಗಿ ಅಭಿನಂದನೆ ಹೇಳಿದ್ದಳು.

ಸ್ಕ್ರೂಡ್ರೈವರು ಹಿಡಿದು ನಡುಮನೆಗೆ ಬಂದು ನೆಲದ ಮೇಲೆ ಕೂತಳು. ಮಕ್ಕಳಿಗೆ ವಿದ್ಯುತ್ ಮಂಡಲ ಹೇಳಿಕೊಡುವಾಗ ಹೇಳುತ್ತಿದ್ದ ಮಾತನ್ನೇ ತನಗೆ ಹೇಳಿಕೊಂಡಳು: ಒಂದು ಸಲಕ್ಕೆ ಒಂದೇ ಕಡೆ ನೋಡು. ಮೊದಲು ಪರದೆ. ಅದರ ದಪ್ಪ ಕೇಬಲನ್ನು ಡಬ್ಬದಿಂದ ಕಳಚಿ, ಪರದೆಯ ಗುಂಡಿ ಮಾತ್ರ ಒತ್ತಿದಳು. ಕಪ್ಪಿನಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಎದ್ದು, ಸಿಗ್ನಲ್ ಇಲ್ಲವೆಂಬ ಅಕ್ಷರಗಳು ತೇಲಿದವು. ಪರದೆ ಬದುಕಿದೆ! ಬಾಯಿಂದ ಸಣ್ಣ ಕೂಗು ಹೊರಟೇಹೋಯಿತು.

"ಏಮೈಂದೇ?" ಅತ್ತೆ ಜಗುಲಿಯಿಂದ ಕೇಳಿದರು.

"ಏನಿಲ್ಲ ಅತ್ತೆ. ಟೀವಿ ಥರದ್ದು ಇದೆಯಲ್ಲ, ಅದು ಚೆನ್ನಾಗಿದೆ. ಅದಕ್ಕೆ ಏನೂ ಆಗಿಲ್ಲ."

ಕೇಬಲಿನ ಬಾಯಿಯಲ್ಲಿ ಮೂರು ಸಾಲು ಸೂಜಿಗಳು. ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದಳು. ಯಾವುದೂ ಬಾಗಿಲ್ಲ. ಮತ್ತೆ ಸಿಕ್ಕಿಸಿ, ಡಬ್ಬದ ಗುಂಡಿ ಒತ್ತಿದಳು. ಒಂದು ಉದ್ದ, ಎರಡು ಗಿಡ್ಡ. ಹಾಗಾದರೆ ರೋಗ ಡಬ್ಬದೊಳಗೆ, ಕೂಗುತ್ತಿರುವ ಜಾಗದಲ್ಲೇ. ಪ್ಲಗ್ಗು ಕಿತ್ತು, ತಗಡು ಕಳಚಿ ಬಗ್ಗಿದರೆ ಮೇಜಿನ ಕೆಳಗೆ ಏನೂ ಕಾಣಿಸದು. ಹಿಂದಿನಿಂದ ಬೆಳಕು ಬಿತ್ತು. ಲಕ್ಷ್ಮೀನರಸಮ್ಮ ಟಾರ್ಚು ಹಿಡಿದು ಹೊಸಿಲಿನ ಆಚೆ ನಿಂತಿದ್ದರು. ಐದು ದಿನದಿಂದ ಆ ಹೊಸಿಲು ದಾಟಿರಲಿಲ್ಲ ಅವರು.

"ಒಳಗೆ ಬನ್ನಿ ಅತ್ತೆ, ಅಲ್ಲಿಂದ ಬೆಳಕು ಸಾಲಲ್ಲ."

"ಬೇಡಮ್ಮ. ನಾನು ಬಂದು ಇನ್ನೊಂದು ಏನಾದ್ರೂ ಆದ್ರೆ?"

ಆ ಮಾತಿಗೆ ವರಲಕ್ಷ್ಮಿಗೆ ತಿರುಗಿ ನೋಡಲಾಗಲಿಲ್ಲ. "ಏನೂ ಆಗಲ್ಲ, ಬನ್ನಿ" ಎಂದಳು ಡಬ್ಬದೊಳಕ್ಕೆ ಮುಖ ಇಟ್ಟುಕೊಂಡೇ. ಮುದುಕಿ ಬಂದು, ಮಂಡಿ ಹಿಡಿದುಕೊಂಡು ಮೆಲ್ಲಗೆ ನೆಲಕ್ಕಿಳಿದು, ಸೊಸೆಯ ಭುಜದ ಮೇಲಿನಿಂದ ಟಾರ್ಚು ಹಿಡಿದರು.

ಬೆಳಕಿನಲ್ಲಿ ಅದು ಕಂಡಿತು. ಕಾರ್ಡು ನೆಟ್ಟಗೆ ನಿಂತಿರಲಿಲ್ಲ. ಒಂದು ತುದಿ ಹಸಿರು ಹಲಗೆಯ ಸೀಳಿನಲ್ಲಿ ಸರಿಯಾಗಿ ಕೂತಿತ್ತು, ಇನ್ನೊಂದು ತುದಿ ಕೂದಲೆಳೆಯಷ್ಟು, ಹೆಚ್ಚೆಂದರೆ ರಾಗಿಕಾಳಿನಷ್ಟು, ಮೇಲೆದ್ದಿತ್ತು. ಸೀಳಿನ ಕೊನೆಯಲ್ಲಿ ಒಂದು ಪುಟ್ಟ ಕೊಕ್ಕೆ, ಕಾರ್ಡನ್ನು ಹಿಡಿದುಕೊಳ್ಳಲೆಂದೇ ಮಾಡಿದ್ದು, ಬಾಯಿ ತೆರೆದುಕೊಂಡು ಖಾಲಿ ಇತ್ತು. ಭಾನುವಾರ ಅವಳು ಆ ಕೊಕ್ಕೆಯನ್ನು ಗಮನಿಸಿಯೇ ಇರಲಿಲ್ಲ. ಅರ್ಧ ಕೂತ ಕಾರ್ಡು ಒಂದು ದಿನ ಹೇಗೋ ಮುಟ್ಟಿಕೊಂಡಿದ್ದು, ಬಿಸಿಯಾಗಿ, ಫ್ಯಾನಿನ ನಡುಕಕ್ಕೆ ಸರಿದು, ಸೋಮವಾರ ಮಧ್ಯಾಹ್ನ ಕೈಬಿಟ್ಟಿತ್ತು. ಎಲ್ಲ ಒಂದೇ ಕ್ಷಣಕ್ಕೆ ಅರ್ಥವಾಯಿತು; ಲೆಕ್ಕದ ಕೊನೆಯ ಸಾಲು ತಾನಾಗಿ ಬಿಚ್ಚಿಕೊಂಡಾಗ ಬರುವ ಆ ಹುಚ್ಚು ಖುಷಿ ಬೆನ್ನುಹುರಿಯಲ್ಲಿ ಏರಿತು, ಏರುತ್ತಿದ್ದಂತೆಯೇ ಆ ಸಾಲಿನಲ್ಲಿ ತನ್ನ ಹೆಸರು ಕಂಡಿತು. ತನ್ನಿಂದ ಕೆಟ್ಟಿತೆಂಬುದು ಇಷ್ಟು ದಿನ ಬರಿಯ ಊಹೆಯಾಗಿತ್ತು. ಹೇಳದಿರಲು ಅದೊಂದು ನೆವವಾಗಿತ್ತು. ಈಗ ನೆವವೂ ಇಲ್ಲ. ಆದರೆ ಕೈ ನಿಲ್ಲಲಿಲ್ಲ, ಕೈಗೆ ಅವಮಾನ ಗೊತ್ತಿಲ್ಲ. ಬಾಚಣಿಗೆಗೆ ಕಾಗದದ ಚೂರು ಹತ್ತುವ ಪಾಠ ನೆನಪಾಗಿ, ಮೈಯ ವಿದ್ಯುತ್ತು ಇಳಿಯಲೆಂದು ಕಿಟಕಿಯ ಸರಳು ಮುಟ್ಟಿ ಬಂದು, ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಹೊರತೆಗೆದಳು. ಚಿನ್ನದ ಹಲ್ಲುಗಳ ಮೇಲೆ ಮಸುಕು. ಅಂದು ಒಗ್ಗರಣೆ ಹಾಕಿದ ಕೈಯಲ್ಲೇ ಮುಟ್ಟಿದ್ದಳು; ಒಂದು ಕಡೆ ಹೆಬ್ಬೆರಳಿನ ಗುರುತು ಮೂಡಿತ್ತು. ಅವಳದೇ ಹೆಬ್ಬೆರಳು.

"ರಬ್ಬರು ಬೇಕು ಅತ್ತೆ. ಪೆನ್ಸಿಲ್ ರಬ್ಬರು. ನನ್ನ ಬ್ಯಾಗಲ್ಲಿದೆ."

ಅತ್ತೆ ತಂದುಕೊಟ್ಟರು. ಶಾಲೆಯ ಕರೆಗಂಟೆ ಕೆಟ್ಟಾಗ ತಂತಿಯ ತುದಿ ಉಜ್ಜಿ ಸರಿಮಾಡಿದ್ದಳು, ಇದೂ ಅಷ್ಟೆ. ಅಲ್ಲಿ ಮರಳುಕಾಗದ, ಇಲ್ಲಿ ಚಿನ್ನದ ಲೇಪ, ಅದಕ್ಕೆ ಮೆತ್ತನೆಯದು. ಒಂದೇ ದಿಕ್ಕಿನಲ್ಲಿ ಉಜ್ಜಿದಳು. ಮಸುಕು ಕರಿಯ ಹುಡಿಯಾಗಿ ಉದುರಿತು, ಹಲ್ಲುಗಳು ಒಂದೊಂದಾಗಿ ಹೊಳೆದವು. "ಬಂಗಾರವೇನೇ ಇದು?" ಎಂದರು ಲಕ್ಷ್ಮೀನರಸಮ್ಮ, ತಮ್ಮ ಬಳೆಯನ್ನು ಅದರ ಪಕ್ಕಕ್ಕೆ ಹಿಡಿದು ನೋಡುತ್ತ. "ಬಂಗಾರವೇ ಅತ್ತೆ, ಒಂದು ಪದರ." "ದೇವುಡಾ! ನಮಗೆ ಯಾರೂ ಹೇಳ್ಲಿಲ್ಲ ನೋಡು" ಎಂದು ಅವರು ನಕ್ಕರು. ಐದು ದಿನದ ಮೇಲೆ ಮೊದಲ ನಗು. ಉಫ್ ಎಂದು ಸೀಳಿನ ಧೂಳು ಊದಿ, ಕಾರ್ಡನ್ನು ಅದರ ಬಾಯಿಗಿಟ್ಟು ಎರಡೂ ತುದಿಗಳನ್ನು ಒತ್ತಿದಳು. ಟಕ್. ಕೊಕ್ಕೆ ಎದ್ದು ಬಂದು ಕಾರ್ಡನ್ನು ಕಚ್ಚಿ ಹಿಡಿಯಿತು. ಭಾನುವಾರ ಈ ಸದ್ದು ಬಂದಿರಲಿಲ್ಲ, ಬರಬೇಕೆಂದೂ ಗೊತ್ತಿರಲಿಲ್ಲ.

ಪ್ಲಗ್ಗು ಹಾಕಿ, ಗುಂಡಿ ಒತ್ತಿದಳು. ಫ್ಯಾನು ಸುಯ್ಯೆಂದಿತು. ಒಂದೇ ಒಂದು ಗಿಡ್ಡ ಪಿಪ್. ಆಮೇಲೆ ಮೌನ. ಮೌನದಲ್ಲಿ ಪರದೆ ಬೂದು ಬಣ್ಣಕ್ಕೆ ತಿರುಗಿ, ಬೂದಿನಿಂದ ಬೆಳಕಾಗಿ ಅಕ್ಷರಗಳು ಸುರಿದವು. "ಬಂತೇ! ವಚ್ಚಿಂದೇ!" ಅತ್ತೆ ಟಾರ್ಚು ಹಿಡಿದ ಕೈಯಲ್ಲೇ ಚಪ್ಪಾಳೆ ತಟ್ಟಲು ಹೋಗಿ ಬೆಳಕು ಗೋಡೆ, ಮಾಡು, ದೇವರ ಪಟಗಳ ಮೇಲೆಲ್ಲ ಕುಣಿಯಿತು. ವರಲಕ್ಷ್ಮಿಗೆ ತಾನು ಎದ್ದು ನಿಂತಿದ್ದೇನೋ ಕೂತೇ ಇದ್ದೇನೋ ತಿಳಿಯಲಿಲ್ಲ. ಆದರೆ ಬಂದ ಚಿತ್ರ ವಿಕಾರವಾಗಿತ್ತು; ಬಣ್ಣಗಳು ಸಂತೆಯ ಗೊಂಬೆಗಳ ಹಾಗೆ ಒರಟು, ಒಂದೊಂದು ಗುರುತೂ ಒಬ್ಬಟ್ಟಿನಷ್ಟು ದೊಡ್ಡದು. ಮಗಳು ಹೇಳಿದ್ದು ನೆನಪಾಯಿತು: ಕಾರ್ಡಿನ ಭಾಷೆ ಕಂಪ್ಯೂಟರಿಗೆ ಮರೆತುಹೋದರೆ ಹೀಗೇ ಕಾಣುತ್ತದೆ, ಡಬ್ಬದ ಜೊತೆ ಬಂದ ಸೀಡಿಯಿಂದ ಡ್ರೈವರ್ ಎಂಬ ಆ ಭಾಷೆಯನ್ನು ಮತ್ತೆ ಹಾಕಬೇಕು. ಸೀಡಿ ಹುಡುಕಲು ಡ್ರಾಯರಿಗೆ ಕೈ ಹಾಕಿದಳು.

"ಇರಲಿ ಬಿಡೇ" ಎಂದರು ಅತ್ತೆ, ಪರದೆಗೆ ಮುಖ ತಂದು. "ಹೀಗೇ ಚೆನ್ನಾಗಿದೆ. ಮುಂಚೆ ಕಣ್ಣು ಕಿರಿದು ಮಾಡ್ಕೊಂಡು ನೋಡ್ತಿದ್ದೆ, ಈಗ ಎಲ್ಲ ಹೇಗೆ ಕಾಣ್ಸುತ್ತೆ ನೋಡು! ಅವನಿಗೆ ಹೇಳು, ನನ್ನ ಕೈಯಿಂದ ಹಾಳಾದ್ದು ನಿನ್ನ ಕೈಯಿಂದ ಸರಿಹೋಯ್ತು ಅಂತ. ನಿನ್ನ ಕೈಗುಣ ಒಳ್ಳೇದು ಕಣಮ್ಮ."

ಮೂರು ಗಂಟೆ ಹೊಡೆಯಿತು. ಇಷ್ಟೇ ಸಾಕು, ಎಂದು ಒಳಗಿನ ಜಾಣೆ ಹೇಳಿದಳು. ತಗಡು ಮುಚ್ಚು. ಮುದುಕಿ ಸಂತೋಷವಾಗಿದ್ದಾರೆ, ಬ್ಯಾಗು ಬಿಚ್ಚುತ್ತಾರೆ. ಹೇಳಿದರೆ ಈ ಸಂತೋಷವನ್ನೂ ನೀನೇ ಕಿತ್ತುಕೊಂಡ ಹಾಗಾಗುತ್ತದೆ. ವಾದ ಎಷ್ಟು ನಯವಾಗಿತ್ತೆಂದರೆ ಅವಳಿಗೆ ವೆಂಕಟರವಣಪ್ಪನವರ ದನಿ ಕೇಳಿದಹಾಗಾಯಿತು: ತಾನೇ ಕೇಳಿ ತಾನೇ ಉತ್ತರಿಸುವ ದನಿ. ಅವಳಿಗೆ ಒಮ್ಮೆಲೇ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯುವ ಮೊದಲೇ ಬಾಯಿ ತೆರೆದಿತ್ತು.

"ನಿಮ್ಮ ಕೈಯಿಂದ ಹಾಳಾಗ್ಲಿಲ್ಲ ಅತ್ತೆ. ಭಾನುವಾರ ನೀವೆಲ್ಲ ಮದುವೆಗೆ ಹೋದಾಗ ನಾನು ಇದನ್ನ ಬಿಚ್ಚಿದ್ದೆ. ಕಾರ್ಡನ್ನ ಸರಿಯಾಗಿ ಕೂರಿಸ್ಲಿಲ್ಲ. ಅದಕ್ಕೇ ಕೆಟ್ಟಿದ್ದು."

ಲಕ್ಷ್ಮೀನರಸಮ್ಮನ ಮುಖದ ಮೇಲೆ ಪರದೆಯ ಒರಟು ನೀಲಿ ಇತ್ತು. ಟಾರ್ಚಿನ ಗುಂಡಿಯನ್ನು ಹಿಂದೆ ಸರಿಸಿ ಆರಿಸಿದರು.

"ಅವನು ನನಗೆ ಅಂದಾಗ ನೀನು ಅಡುಗೆಮನೇಲಿದ್ದೆ."

"ಹೂಂ."

"ಕೇಳಿಸ್ತಾ?"

"ಕೇಳಿಸ್ತು."

"ಐದು ರಾತ್ರಿ ನಾನು ಈ ಕೈನ ನೋಡ್ಕೊಂಡು ಮಲಗಿದೀನಿ ಕಣೇ" ಎಂದು ಅವರು ಬಲಗೈಯನ್ನು ಎತ್ತಿ ಸೊಸೆಯ ಮುಖದ ಮುಂದೆ ಹಿಡಿದರು. ದನಿ ಏರಿರಲಿಲ್ಲ. "ಈ ಕೈಲಿ ಏನೋ ಇದೆ ಅಂತ. ಹಾಲು ಕಾಯಿಸಕ್ಕೂ ಹೆದರಿಕೊಂಡೆ." ವರಲಕ್ಷ್ಮಿ ತಪ್ಪಾಯಿತು ಎಂದಳು; ಆ ಶಬ್ದ ಬಾಯಿಂದ ಹೊರಟು ಎಲ್ಲಿಯೂ ತಾಗದೆ ಬಿದ್ದಿತು. ಅತ್ತೆ ಎದ್ದು ಹೋಗುತ್ತಾರೆ, ಬ್ಯಾಗು ಎತ್ತುತ್ತಾರೆ, ಮೂರೂವರೆಗೇ ಬಸ್‌ಸ್ಟ್ಯಾಂಡಿಗೆ ನಡೆಯುತ್ತಾರೆ ಎಂದುಕೊಂಡಳು. ಅವರು ಎದ್ದರು. ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು, ಟವೆಲಿನಿಂದ ಬೆರಳಿನ ಸಂದಿಗಳನ್ನೆಲ್ಲ ಒರಸಿಕೊಂಡು, ಕಿಟಕಿಯ ಸರಳನ್ನು ಸೊಸೆ ಮುಟ್ಟಿದಹಾಗೇ ಮುಟ್ಟಿ ಬಂದು, ಮತ್ತೆ ನೆಲದ ಮೇಲೆ ಕೂತರು.

"ಆರಿಸು. ಅದನ್ನ ಮತ್ತೆ ತೆಗಿ. ನಾನು ಹಾಕ್ತೀನಿ."

"ಅತ್ತೆ, ಈಗ ತಾನೇ ಸರಿಹೋಗಿದೆ. ಮತ್ತೆ ಬಿಚ್ಚಿದ್ರೆ—"

"ತೆಗಿ ಅಂದೆ."

ಅವಳು ಆರಿಸಿದಳು. ಪ್ಲಗ್ಗು ಕಿತ್ತಳು. ಕೊಕ್ಕೆಯನ್ನು ಕೆಳಕ್ಕೆ ತಳ್ಳಿ ಕಾರ್ಡನ್ನು ಬಿಡಿಸಿ ಅತ್ತೆಯ ಕೈಗೆ ಕೊಟ್ಟಳು. ಕೊಡುವಾಗ ಭಯವಾಯಿತು, ಭಯದ ಅಡಿಯಲ್ಲಿ ಒಂದು ವಿಚಿತ್ರ ಸಂಭ್ರಮ, ಕೆರೆಗೆ ಹಾರುವ ಮುಂಚೆ ಆಗುವಂಥದ್ದು. ಮುದುಕಿ ಅವಸರ ಮಾಡಲಿಲ್ಲ. ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದು ಯಾಕೆ, ಅದು ಯಾಕೆ ಎಂದು ಕೇಳಿದರು. ವರಲಕ್ಷ್ಮಿ ತನಗೆ ಗೊತ್ತಿದ್ದಷ್ಟು ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಗೊತ್ತಿಲ್ಲ ಎನ್ನುವುದು ಎಷ್ಟು ಹಗುರವೆಂದು ಅವಳಿಗೆ ಆಶ್ಚರ್ಯವಾಯಿತು. ಹೊತ್ತು ಹೇಗೆ ಹೋಯಿತೋ, ಬೀದಿಯಲ್ಲಿ ಬೈಕು ನಿಂತ ಸದ್ದಾಯಿತು, ಗೇಟು ಕಿರುಗುಟ್ಟಿತು.

ಚನ್ನಕೇಶವ ಬಾಗಿಲಲ್ಲೇ ನಿಂತುಬಿಟ್ಟ. ತಗಡು ಒಂದು ಕಡೆ, ಸ್ಕ್ರೂಗಳು ಬಟ್ಟಲಲ್ಲಿ, ಅವನ ತಾಯಿ ನೆಲದ ಮೇಲೆ ಹಸಿರು ಹಲಗೆ ಹಿಡಿದು ಕೂತಿದ್ದಾರೆ. "ಏನಿದು? ಯಾರು ಬಿಚ್ಚಿದ್ದು ಇದನ್ನ?" ಎಂದು ಅವನು ಕೂಗಿದ. ಅವನ ಹಿಂದಿನಿಂದ ಮಧುಸೂದನ್ ಇಣುಕಿ, "ಅಯ್ಯೋ, ಕೊಡಿ ಅಜ್ಜಿ ಇಲ್ಲಿ, ಅದು ಸೂಕ್ಷ್ಮದ ಸಾಮಾನು" ಎಂದು ಕೈ ಚಾಚಿದ.

ಕಾರ್ಡು ಇನ್ನೂ ಹೊರಗಿತ್ತು. ಇನ್ನೊಮ್ಮೆ ಹಾಕಿದರೆ ನಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನಡೆದ ಮೇಲೆ ಹೇಳುವುದು ಸುಲಭ ಎಂದು ವರಲಕ್ಷ್ಮಿಗೆ ಹೊಳೆಯಿತು, ಹೊಳೆದದ್ದಕ್ಕೇ ಈಗ ಹೇಳಿದಳು. "ನಾನು ಬಿಚ್ಚಿದ್ದು. ಹೋದ ಭಾನುವಾರನೂ ನಾನೇ. ನೋಡ್ಬೇಕು ಅನ್ನಿಸ್ತು, ಬಿಚ್ಚಿದೆ. ಸರಿಯಾಗಿ ಕೂರಿಸ್ದೆ ಕೆಡಿಸಿದ್ದೂ ನಾನೇ. ನೀವು ಅಮ್ಮನ್ನ ಅಂದಾಗ ಸುಮ್ನಿದ್ದಿದ್ದೂ ನಾನೇ." ಮಾತು ನೆಟ್ಟಗೆ ಹೊರಬಂತು, ತರಗತಿಯಲ್ಲಿ ಬರುವ ಹಾಗೆ. ಚನ್ನಕೇಶವ ಹೊರಗಿನವನಾದ ಮಧುಸೂದನನ ಕಡೆ ಒಮ್ಮೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದ.

"ತಡಿಯಪ್ಪ" ಎಂದರು ಲಕ್ಷ್ಮೀನರಸಮ್ಮ, ಚಾಚಿದ ಕೈಗೆ. ಕಾರ್ಡನ್ನು ಸೀಳಿನ ಮೇಲೆ ಇಟ್ಟರು. ಒಂದು ತುದಿ ನೋಡಿದರು, ಇನ್ನೊಂದು ತುದಿ ನೋಡಿದರು. ಎರಡು ಹೆಬ್ಬೆರಳುಗಳನ್ನೂ ಊರಿ, ರೊಟ್ಟಿಯ ಅಂಚು ತಟ್ಟುವಾಗಿನ ಎಚ್ಚರದಲ್ಲಿ, ಒತ್ತಿದರು. ಏನೂ ಆಗಲಿಲ್ಲ. ಉಸಿರು ಹಿಡಿದು ಮತ್ತೆ ಒತ್ತಿದರು. ಟಕ್.

ವರಲಕ್ಷ್ಮಿ ಪ್ಲಗ್ಗು ಹಾಕಿದಳು. "ಒತ್ತಿ ಅತ್ತೆ, ನೀವೇ ಒತ್ತಿ." ಮುದುಕಿ ಒತ್ತಿದರು. ಫ್ಯಾನು ತಿರುಗತೊಡಗಿತು. ನಾಲ್ಕು ಜನ ನಾಲ್ಕು ಕಡೆಯಿಂದ ಆ ತಗಡಿನ ಡಬ್ಬಕ್ಕೆ ಕಿವಿಗೊಟ್ಟರು. ಗಿಡ್ಡದೊಂದು ಪಿಪ್, ಇನ್ನೊಂದು ಬರುತ್ತದೋ ಎಂದು ಕಾದರು, ಬರಲಿಲ್ಲ. ಪರದೆ ಬೆಳಗಿತು.

"ಸಿಂಗಲ್ ಬೀಪು" ಎಂದ ಮಧುಸೂದನ್ ಮೆಲ್ಲಗೆ. ಆಮೇಲೆ ಚನ್ನಕೇಶವನನ್ನು ಬಿಟ್ಟು ಅವಳ ಕಡೆ ತಿರುಗಿ, "ಆ ಕಡೆ ತುದಿ ಎದ್ದಿತ್ತಾ ಮೇಡಂ? ನಾನು ಅವತ್ತು ಬಿಚ್ಚಿ ನೋಡ್ಬೇಕಿತ್ತು" ಎಂದ. ಅವಳು ಹೌದೆಂದಳು, ಎಷ್ಟು ಎದ್ದಿತ್ತೆಂದು ಬೆರಳಲ್ಲಿ ತೋರಿಸಿದಳು, ಅವನು ಬಗ್ಗಿ ಕೊಕ್ಕೆಯನ್ನು ನೋಡಿದ.

ಲಕ್ಷ್ಮೀನರಸಮ್ಮ ಪರದೆಯನ್ನು ನೋಡುತ್ತಿರಲಿಲ್ಲ. ಮೇಜಿನ ಅಂಚು ಹಿಡಿದು ಎದ್ದು ನಿಂತು ಮಗನನ್ನು ನೋಡುತ್ತಿದ್ದರು. ಚನ್ನಕೇಶವ ಕಂಪ್ಯೂಟರಿನ ಮೇಲೆ ಕಣ್ಣಿಟ್ಟು, "ನಾನು ಹಾಗನ್ನಬಾರದಿತ್ತಮ್ಮ, ತಪ್ಪಾಯ್ತು" ಎಂದ.

"ಅಲ್ಲಿ ನೋಡ್ಕೊಂಡಲ್ಲ" ಎಂದರು ಅವರು. "ಇಲ್ಲಿ ನೋಡಿ ಹೇಳು."